ಹಳೆಯ ಮನೆಯನ್ನು ಮಾರುವವನ ಧರ್ಮ

ಪಿತ್ರಾರ್ಜಿತವಾದ ಮನೆಯನ್ನು ಮಾರಬಹುದೇ ಮಾರಬಾರದೇ ಎಂಬ ಚರ್ಚೆಗೆ ನಾನಿಲ್ಲಿ ಕೈಹಾಕುವದಿಲ್ಲ. ಮಕ್ಕಳು ಪುಣೆ, ಹೈದರಾಬಾದು, ಬೆಂಗಳೂರುಗಳಲ್ಲಿ ನೆಲೆಸಿ, ಊರ ಮನೆಯಲ್ಲಿ ಸಂಜೆಯ ದೀಪ ಹಚ್ಚುವವರು ಸಹ ಇಲ್ಲದಾದ ಮೇಲೆ ಅದು ಮಾರಾಟಕ್ಕೆ ಬರುವದು ಕಾಲಧರ್ಮ. ಬೀಗ ಹಾಕಿದ ಮಣ್ಣಿನ ಮಾಳಿಗೆಯು ಬಹಳ ಮಳೆಗಾಲಗಳನ್ನು ತಡೆಯಲಾರದು. ಬಿದ್ದ ಗೋಡೆಯಿಂದ ಪಿತೃಗಳಿಗೆ ಯಾವ ಗೌರವವೂ ಸಲ್ಲಲಾರದು. ಆದುದರಿಂದ ಮಾರುವದನ್ನು ಒಪ್ಪಿಕೊಂಡೇ ಮುಂದಿನ ಪ್ರಶ್ನೆಗೆ ಬರುವೆನು. ಕೊಳ್ಳುವವರು ಬರಲೊಲ್ಲರು, ಬಂದವರು ಎರಡನೆಯ ಸಲ ಬರಲೊಲ್ಲರು. ಅವರು ಹೆಚ್ಚು ಸಂಖ್ಯೆಯಲ್ಲಿ ಬರುವಂತೆ ಮಾರುವವನು ಏನು ಮಾಡಬಹುದು, ಏನು ಮಾಡಬಾರದು? ಇದು ದಲಾಲರ ಪ್ರಶ್ನೆ, ಸಾಹಿತ್ಯ ಪತ್ರಿಕೆಗೆ ತಕ್ಕುದಲ್ಲವೆಂದು ಕೆಲವರು ನಗಬಹುದು. ನನ್ನ ಮಟ್ಟಿಗೆ ಇದು ಧರ್ಮಜಿಜ್ಞಾಸೆಯೇ ಆಗಿದೆ. ಮರೆಮಾಚುವ ಆಸೆಯೂ ಬಾಗಿಲು ಮುಚ್ಚುವ ಅಭಿಮಾನವೂ ಗೃಹಸ್ಥನಿಗೆ ಒಂದೇ ಕಾಲಕ್ಕೆ ಒದಗುವ ಸಂದರ್ಭಗಳು ಇದರಷ್ಟು ಸ್ಪಷ್ಟವಾದವು ಮತ್ತಾವುವೂ ನನಗೆ ತೋರಿಲ್ಲ.

ನಮ್ಮ ನಂದೂರಿನಂಥ ಊರುಗಳಲ್ಲಿಯ ಹಳೆಯ ಮನೆಯು ಎಂಥದೆಂಬದನ್ನು ಕಲಬುರಗಿ ಸೀಮೆಯ ವಾಚಕರಿಗೆ ಬಹಳ ವರ್ಣಿಸಬೇಕಾಗಿಲ್ಲ. ಕಲ್ಲನ್ನು ಮಣ್ಣಿನಲ್ಲಿ ಕೂಡಿಸಿ ಕಟ್ಟಿದ ದಪ್ಪ ಗೋಡೆ, ತೊಲೆ ಜಂತೆಗಳ ಮೇಲೆ ಮಣ್ಣು ಹರಡಿದ ಮಾಳಿಗೆ, ಅದರಲ್ಲೊಂದು ಬೆಳಕಿಂಡಿ, ಕಂಬಗಳ ನಡುವಣ ಅಂಕಣಗಳಿಂದ ಎಣಿಸುವ ಪಡಸಾಲೆ, ಶಹಾಬಾದಿನ ಫರಸಿ ಹಾಸಿದ ನೆಲ, ತಲೆ ಬಾಗಿಸದೆ ದಾಟಲಾಗದ ಬಾಗಿಲು. ವೈಶಾಖದ ಬಿಸಿಲಿನಲ್ಲಿ ಸಿಮೆಂಟಿನ ಮನೆಯವರು ಬೆಂದುಹೋಗುವಾಗ ಇದರೊಳಗೆ ನೆಲದ ಮೇಲೆ ಮಲಗಿದವನಿಗೆ ಬೀಸಣಿಗೆಯೂ ಬೇಡ. ಆದರೆ ಇಂದಿನವನು ವಾಹನ ನಿಲ್ಲಿಸುವ ಸ್ಥಳವನ್ನು ಕೇಳುತ್ತಾನೆ, ಮಲಗುವ ಕೋಣೆಗೆ ಹೊಂದಿದ ಸ್ನಾನದ ಮನೆಯನ್ನು ಕೇಳುತ್ತಾನೆ, ಗೋಡೆಗೆ ದೊಡ್ಡ ಕಿಡಕಿಗಳನ್ನು ಕೇಳುತ್ತಾನೆ. ನಂದೂರ–ಕೆಸರಟಗಿಯ ಕೈಗಾರಿಕಾ ಪ್ರದೇಶವಾದಂದಿನಿಂದ ಈ ಕಡೆ ಬಂದು ನೋಡುವವರೇನೋ ಇದ್ದಾರೆ. ಅವರಲ್ಲಿ ಹಲವರು ನೋಡುವದು ನೆಲವನ್ನು, ಮನೆಯನ್ನಲ್ಲ.

ಹೀಗಿರಲು ಮಾರುವವನು ಮನೆಯನ್ನು ಗುಡಿಸಿ, ಜೇಡರ ಬಲೆ ತೆಗೆದು, ಸುಣ್ಣ ಬಳಿದು, ಬೆಳಕಿಂಡಿಯ ಗಾಜನ್ನು ಒರೆಸಿ, ಮುರಿದ ಸಾಮಾನುಗಳನ್ನು ಹೊರಗೆ ಹಾಕಿ ತೋರಿಸುವದರಲ್ಲಿ ಎಳ್ಳಷ್ಟೂ ದೋಷವಿಲ್ಲ. ಮಗಳನ್ನು ನೋಡಲು ಬಂದವರ ಮುಂದೆ ತಲೆ ಬಾಚಿ ನಿಲ್ಲಿಸುವದು ವಂಚನೆಯಲ್ಲವಷ್ಟೆ? ಸುಣ್ಣವು ಮನೆಯ ನಿಜವಾದ ಮುಖವನ್ನು ಕಾಣಿಸುವವರೆಗೆ ಧರ್ಮ. ಬಿರುಕನ್ನು ಮುಚ್ಚಲೆಂದು ಅದೇ ಸುಣ್ಣವನ್ನು ಬಳಿದರೆ ಅಧರ್ಮ. ಕೈಯೂ ಕುಂಚವೂ ಬದಲಾಗಲಿಲ್ಲ, ಸಂಕಲ್ಪ ಮಾತ್ರ ಬದಲಾಯಿತು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಇದೇ ಕಷ್ಟದಲ್ಲಿದ್ದರು. ಅವರ ಮನೆಯ ಅಂಗಳದಲ್ಲಿ ಅಜ್ಜನ ಕಾಲದ ಹಗೇವು ಇತ್ತು. ಜೋಳ ತುಂಬುವದು ನಿಂತ ಮೇಲೆ ಯಾರೋ ಅದರ ಬಾಯಿ ಮುಚ್ಚಿ ಮೇಲೆ ಫರಸಿ ಹಾಸಿದ್ದರು, ಒಳಗನ್ನು ತುಂಬಿಸಿರಲಿಲ್ಲ. ದೊಡ್ಡ ಮಳೆಯಾದಾಗ ಆ ಭಾಗದ ನೆಲವು ಬೆರಳಷ್ಟು ಕುಸಿಯುತ್ತಿತ್ತು. ಅಡಿಗೆಮನೆಯ ತೊಲೆಯೊಂದಕ್ಕೆ ಒರಲೆ ಹತ್ತಿತ್ತು. ಹಗೇವಿನ ಮೇಲೆ ತುಳಸೀಕಟ್ಟೆಯನ್ನು ಇರಿಸಿ, ತೊಲೆಗೆ ಬಣ್ಣ ಹಚ್ಚಿ, ಬೇಸಿಗೆಯಲ್ಲಿಯೇ ಗಿರಾಕಿಗಳನ್ನು ಕರೆಯಿರೆಂದು ದಲಾಲನ ಸಲಹೆ. "ಗುರುಗಳೇ, ಮನೆ ನನ್ನೊಬ್ಬನದಾಗಿದ್ದರೆ ಎಲ್ಲವನ್ನೂ ಹೇಳಿಬಿಡುತ್ತಿದ್ದೆ. ತಮ್ಮಂದಿರಿದ್ದಾರೆ, ತಂಗಿ ಇದ್ದಾಳೆ. ನನ್ನ ಸತ್ಯಕ್ಕೆ ಅವರು ಯಾಕೆ ದಂಡ ತೆರಬೇಕು?" ಎಂದು ಅವರು ಕೇಳಿದರು.

ಈ ಪೂರ್ವಪಕ್ಷವು ಹಗುರವಾದುದಲ್ಲ. ಹಿರಿಯನು ಒಡಹುಟ್ಟಿದವರ ಪಾಲಿಗೆ ಕಾವಲುಗಾರ. ಇಟ್ಟ ನಂಬಿಗೆಗೆ ತಕ್ಕಂತೆ ಒಳ್ಳೆಯ ಬೆಲೆ ತರುವದು ಅವನ ಕರ್ತವ್ಯ. ಇನ್ನೊಂದು ದಿಕ್ಕಿನಿಂದಲೂ ಇದಕ್ಕೆ ಬಲವಿದೆ. ರೋಮದ ಸಿಸೆರೊ ಎಂಬ ಪಂಡಿತನು ಕ್ರಿ. ಪೂ. 44ರಲ್ಲಿ ಮಗನಿಗಾಗಿ ಬರೆದ ಕರ್ತವ್ಯವಿಚಾರದ ಗ್ರಂಥದ ಮೂರನೆಯ ಭಾಗದಲ್ಲಿ ಇದೇ ಮಾತನ್ನು ಎತ್ತಿಕೊಂಡಿದ್ದಾನೆ. ಒಬ್ಬನು ಮನೆ ಮಾರುತ್ತಾನೆ. ಅದು ರೋಗಕರವಾದುದು, ಅದರ ಮರಮುಟ್ಟು ಕೆಟ್ಟುದು, ಕೋಣೆಗಳಲ್ಲಿ ಹಾವುಗಳು ಕಾಣಿಸಿಕೊಳ್ಳುತ್ತವೆ. ಇದು ಯಜಮಾನನ ಹೊರತು ಯಾರಿಗೂ ತಿಳಿಯದು. ಹೇಳಬೇಕೋ ಬೇಡವೋ? ಡಯೋಜಿನೀಸನೆಂಬ ತತ್ತ್ವಜ್ಞನ ಮತದಲ್ಲಿ, ಕಾನೂನು ಕೇಳಿದಷ್ಟು ಹೇಳಿದರೆ ಸಾಕು. ಕೊಳ್ಳಿರೆಂದು ಯಾರನ್ನೂ ಬಲಾತ್ಕರಿಸಿಲ್ಲ. ಕೆಟ್ಟ ಮನೆ ಮಾರಾಟಕ್ಕಿದೆಯೆಂದು ಡಂಗುರ ಸಾರಿಸುವದಕ್ಕಿಂತ ಹಾಸ್ಯಾಸ್ಪದವಾದುದು ಇನ್ನೇನಿದೆ? ಅವನ ಶಿಷ್ಯನಾದ ಆಂಟಿಪೇಟರನು ಇದನ್ನು ಒಪ್ಪಲಿಲ್ಲ. ತಿಳಿದೂ ತಿಳಿದೂ ಒಬ್ಬನನ್ನು ಕೇಡಿಗೆ ನಡೆಯಗೊಡುವದು ದಾರಿ ತಪ್ಪಿದವನಿಗೆ ದಾರಿ ತೋರಿಸದಿರುವದಕ್ಕಿಂತಲೂ ಕೀಳು ಎಂಬುದು ಅವನ ವಾದ. ಸಿಸೆರೊ ಶಿಷ್ಯನ ಪಕ್ಷಕ್ಕೇ ನಿಂತನು. ರೋಮದಲ್ಲಿಯೇ ನಡೆದ ಒಂದು ವ್ಯವಹಾರವನ್ನು ಸಹ ಅವನು ಹೇಳುತ್ತಾನೆ: ಗುಡ್ಡದ ಮೇಲಿನ ಒಂದು ಮನೆಯ ಎತ್ತರದ ಭಾಗವು ಶಕುನ ನೋಡುವದಕ್ಕೆ ಅಡ್ಡವಾಗುವದೆಂದು ಅದನ್ನು ಕೆಡವುವಂತೆ ಯಜಮಾನನಿಗೆ ಆಜ್ಞೆಯಾಗಿತ್ತು, ಅವನು ಅದನ್ನು ಬಚ್ಚಿಟ್ಟು ಮನೆಯನ್ನು ಮಾರಿದನು, ಕೊಂಡವನ ನಷ್ಟವನ್ನು ಮಾರಿದವನೇ ತುಂಬಿಕೊಡಬೇಕೆಂದು ತೀರ್ಪಾಯಿತು. ರಸ್ತೆ ಅಗಲ ಮಾಡುವ ನೋಟೀಸನ್ನು ಪೆಟ್ಟಿಗೆಯ ತಳದಲ್ಲಿಟ್ಟು ಇಸಾರ ತೆಗೆದುಕೊಳ್ಳುವ ನಮ್ಮ ಕಾಲದವರು ಇದನ್ನು ಓದುವದು ಒಳ್ಳೆಯದು.

ನಮ್ಮವರ ಮಾತೂ ಬೇರೆಯಲ್ಲ. ದೋಷವುಳ್ಳದ್ದನ್ನು ನಿರ್ದೋಷವೆಂಬಂತೆ ಮಾರಿದವನಿಗೆ ಮೂಲ್ಯದ ಎರಡು ಪಟ್ಟು ದಂಡವನ್ನು ಯಾಜ್ಞವಲ್ಕ್ಯಸ್ಮೃತಿಯು ವಿಧಿಸಿದೆ. ಈಗ ನಡೆಯುತ್ತಿರುವ 1882ರ ಸ್ವತ್ತು ವರ್ಗಾವಣೆಯ ಕಾಯದೆಯ 55ನೆಯ ಕಲಮಿನ ಪ್ರಕಾರವೂ, ತನಗೆ ತಿಳಿದಿರುವ, ಕೊಳ್ಳುವವನು ಸಾಧಾರಣ ಎಚ್ಚರಿಕೆಯಿಂದ ನೋಡಿದರೂ ಕಾಣಲಾಗದ ಮುಖ್ಯ ದೋಷವನ್ನು ಮಾರುವವನು ತಿಳಿಸಲೇಬೇಕು. ಒರಲೆ ತಿಂದ ತೊಲೆಯು ಕಣ್ಣಿಗೆ ಕಾಣುವದು, ಆದರೆ ಬಣ್ಣ ಹಚ್ಚಿದ ಮೇಲೆ ಕಾಣದು. ಮುಚ್ಚಿದ ಹಗೇವಂತೂ ಯಾವ ಎಚ್ಚರಿಕೆಗೂ ಸಿಗದು. ಒಡಹುಟ್ಟಿದವರ ಮೇಲಿನ ಕರ್ತವ್ಯವೆಂದರೆ ಮನೆಯ ಬೆಲೆಯನ್ನು ಅವರಿಗೆ ತಂದುಕೊಡುವದು; ಇಲ್ಲದ ಮನೆಯೊಂದರ ಬೆಲೆಯನ್ನು ಪರರಿಂದ ಕಿತ್ತು ತರುವದಲ್ಲ. ತಂಗಿಯ ಪಾಲಿಗೆ ಬಂದ ಹಣದಲ್ಲಿ ಮೋಸದ ಅಂಶವಿದ್ದರೆ ಅವಳನ್ನೂ ಅವಳಿಗೆ ತಿಳಿಯದೆ ಪಾಲುಗಾರಳನ್ನಾಗಿ ಮಾಡಿದಂತಾಯಿತು.

ಇಲ್ಲಿ ಇನ್ನೊಂದು ಗಂಭೀರವಾದ ಸಂಗತಿಯಿದೆ. 1993ನೆಯ ಸೆಪ್ಟೆಂಬರ 30ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತು ಭೂಮಿಯು ನಡುಗಿದಾಗ ಸುಮಾರು ಹತ್ತು ಸಾವಿರ ಜನರು ಸತ್ತರು. ಅವರಲ್ಲಿ ಬಹುಮಂದಿಯನ್ನು ಕೊಂದದ್ದು ಇಂಥವೇ ಗೋಡೆಗಳು, ಇಂಥವೇ ಮಾಳಿಗೆಗಳು. ಮಣ್ಣಿನಲ್ಲಿ ಕೂಡಿಸಿದ ಕಲ್ಲು ಬಿಚ್ಚಿಕೊಂಡು, ಮೇಲಿನ ಭಾರವು ಮಲಗಿದವರ ಮೇಲೆ ಕುಳಿತಿತು. ನಮ್ಮ ಜಿಲ್ಲೆಯ ಚಿಂಚೋಳಿ ತಾಲೂಕಿನ ಗಡಿಕೇಶ್ವರದಲ್ಲಿ 2021ರ ಅಕ್ಟೋಬರಿನಲ್ಲಿ ನೆಲವು ಮತ್ತೆ ಮತ್ತೆ ಅದುರಿ ಜನರು ಮನೆ ಬಿಟ್ಟು ಹೊರಗೆ ಮಲಗಿದ್ದು ನೆನಪಿನಲ್ಲಿದೆ. ವೈಶಾಖದಲ್ಲಿ ನಮ್ಮನ್ನು ತಂಪಾಗಿಟ್ಟ ಗೋಡೆಯ ಗುಣವನ್ನು ಹಾಡಿ ಹೊಗಳುವವನು ಅದೇ ಗೋಡೆಯ ಈ ಸ್ವಭಾವವನ್ನೂ ಹೇಳಲಿ. ಹೇಳಿದರೆ ಕೊಳ್ಳುವವನು ಮಾಳಿಗೆಯ ಮಣ್ಣಿನ ಭಾರವನ್ನು ಇಳಿಸಿಯಾನು. ಗೋಡೆಯ ಎರಡು ಮೈಗಳನ್ನು ಕೂಡಿಸಿ ಹಿಡಿಯುವ ಉದ್ದಕಲ್ಲುಗಳನ್ನು ಅಲ್ಲಲ್ಲಿ ಹಾಕಿಸಿಯಾನು. ಹೇಳದಿದ್ದರೆ ಅವನ ಮಕ್ಕಳು ಅದರ ಕೆಳಗೆ ಮಲಗುವರು.

ಇಷ್ಟೆಲ್ಲ ಹೇಳಿದರೆ ಯಾರು ಬಂದಾರು ಎಂಬ ಶಂಕೆ ಉಳಿಯುವದು. ಹಳೆಯ ಮನೆಯನ್ನು ನೋಡಬಂದವನು ಮೊದಲೇ ಸಂಶಯವನ್ನು ಹೊತ್ತು ಬಂದಿರುತ್ತಾನೆ. ಯಜಮಾನನು ಎಲ್ಲವೂ ಸರಿಯಾಗಿದೆಯೆಂದಷ್ಟೂ ಅವನು ಗೋಡೆಯನ್ನು ಕುಟ್ಟಿ ನೋಡುತ್ತಾನೆ. ಹೇಳಿದ ದೋಷಕ್ಕೆ ಗೌಂಡಿಯನ್ನು ಕರೆಸಿ ಬೆಲೆ ಕಟ್ಟಬಹುದು: ಹಗೇವು ತುಂಬಿಸಲು ಇಷ್ಟು, ತೊಲೆ ಬದಲಿಸಲು ಇಷ್ಟು. ಸಂಶಯಕ್ಕೆ ಹಾಗೆ ಬೆಲೆ ಕಟ್ಟಲು ಬಾರದ್ದರಿಂದ ಅವನು ನಮಸ್ಕಾರ ಮಾಡಿ ಹೋಗಿಬಿಡುತ್ತಾನೆ. ಆ ವಿದ್ಯಾರ್ಥಿಗೆ ನಾನು ಹೇಳಿದ್ದು ಇಷ್ಟೇ: ಸಾಧ್ಯವಾದರೆ ನೀವೇ ಹಗೇವನ್ನು ತುಂಬಿಸಿರಿ, ಇಲ್ಲವಾದರೆ ಅದರ ಖರ್ಚನ್ನು ಬರೆದಿಟ್ಟು ತೋರಿಸಿರಿ, ಮಳೆಗಾಲದಲ್ಲಿಯೂ ಕರೆದು ತೋರಿಸಿರಿ. ನಿಜಾಮರ ಆಳಿಕೆಯ ಕಾಲದ ಉರ್ದು ದಸ್ತಾವೇಜುಗಳಿದ್ದರೆ ಬಲ್ಲವರಿಂದ ಓದಿಸಿ ಕನ್ನಡಕ್ಕೆ ಇಳಿಸಿಡಿರಿ. ಗ್ರಾಮ ಪಂಚಾಯತಿಯ ಇ-ಸ್ವತ್ತಿನ ನಮೂನೆ, ಋಣಭಾರದ ಪತ್ರ ಇವು ಕೈಯಲ್ಲಿರಲಿ. ಎಲ್ಲಕ್ಕಿಂತ ಮೊದಲು ತಂಗಿಯ ಒಪ್ಪಿಗೆಯ ಸಹಿಯಿರಲಿ. 2005ರ ತಿದ್ದುಪಡಿಯಿಂದ ಮಗಳೂ ಜನ್ಮತಃ ದಾಯಾದಳು. ಎಷ್ಟೋ ಮನೆಗಳು ಮಾರಾಟವಾಗದೆ ನಿಂತಿರುವದು ಗೋಡೆಯ ಬಿರುಕಿನಿಂದಲ್ಲ, ಹೆಣ್ಣುಮಕ್ಕಳನ್ನು ಕೇಳದೆ ಕಾಗದ ಮಾಡಹೊರಟ ಗಂಡುಮಕ್ಕಳ ಅವಸರದಿಂದ.

ಇದುವರೆಗೆ ಮರೆಮಾಚುವದರ ಮಾತಾಯಿತು. ಬಾಗಿಲು ಮುಚ್ಚುವದರ ಮಾತು ಇದಕ್ಕಿಂತ ಕಹಿಯಾದುದು. ಗಿರಾಕಿಗಳೇ ಇಲ್ಲವೆಂದು ಗೋಳಿಡುವ ಮನೆಯವರನ್ನು ಸ್ವಲ್ಪ ಕೆದಕಿ ಕೇಳಿದರೆ, ಬಂದವರು ಇದ್ದರು, ಆದರೆ "ಅಂಥವರಿಗೆ" ಕೊಡಲು ಓಣಿಯವರು ಒಪ್ಪಲಿಲ್ಲ ಎಂಬ ಉತ್ತರವು ಹೊರಬೀಳುತ್ತದೆ. ಇಂಥ ಜಾತಿಗೆ ಬೇಡ, ಇಂಥ ಮತಕ್ಕೆ ಬೇಡ, ದೇವರ ಕೋಣೆಯಿದ್ದ ಮನೆಯಲ್ಲಿ ಇಂಥದನ್ನು ಬೇಯಿಸುವವರಿಗೆ ಬೇಡ. ಹೀಗೆ ನೂರು ಜನರಲ್ಲಿ ತೊಂಬತ್ತು ಜನರನ್ನು ತಾನೇ ಹೊರಗೆ ನಿಲ್ಲಿಸಿದವನು ಉಳಿದ ಹತ್ತು ಜನರಿಗಾಗಿ ಸುಣ್ಣ ಬಳಿಯುತ್ತ ಕೂಡುವದು ವಿಚಿತ್ರವಲ್ಲವೇ? ಹೀಗೆ ಮಾಡುವವರು ಶಾಸ್ತ್ರದ ಹೆಸರನ್ನು ತರುತ್ತಾರಾದ್ದರಿಂದ ಶಾಸ್ತ್ರವನ್ನೇ ನೋಡೋಣ.

ಭೂಮಿಯು ಕೈಯಿಂದ ಕೈಗೆ ಹೋಗುವದಕ್ಕೆ ಸ್ವಗ್ರಾಮದವರು, ಜ್ಞಾತಿಗಳು, ನೆರೆಯವರು, ದಾಯಾದರು ಇವರ ಅನುಮತಿ ಹಾಗೂ ಹಿರಣ್ಯೋದಕಗಳೆಂಬ ಆರು ಅಂಗಗಳುಂಟೆಂಬ ಹಳೆಯ ಸ್ಮೃತಿವಚನವೊಂದಿದೆ. ಊರ ಅನುಮತಿಯಿಲ್ಲದೆ ಮಾರಬಾರದೆಂಬುದಕ್ಕೆ ಇದೇ ಆಧಾರವೆಂದು ತಿಳಿಯುವವರುಂಟು. ಈ ವಚನವನ್ನು ವಿಚಾರಿಸಿದವನು ದೂರದವನಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ ಮಿತಾಕ್ಷರೆಯನ್ನು ರಚಿಸಿದ, ಶಹಾಬಾದಿನ ಹತ್ತಿರದ ಮರತೂರಿನೊಡನೆ ನಮ್ಮ ಸೀಮೆಯವರು ಇಂದಿಗೂ ಹೆಸರು ಜೋಡಿಸಿ ಅಭಿಮಾನಪಡುವ ವಿಜ್ಞಾನೇಶ್ವರನು. ಅವನು ಹೇಳುವದೇನು? ಗ್ರಾಮದವರ ಅನುಮತಿಯು ವ್ಯವಹಾರವು ಪ್ರಕಾಶವಾಗಲೆಂದು ಮಾತ್ರ. ಅದಿಲ್ಲದಿದ್ದರೆ ವ್ಯವಹಾರವೇ ಸಿದ್ಧಿಸದೆಂದಲ್ಲ. ನೆರೆಯವರ ಅನುಮತಿಯು ಎಲ್ಲೆಯ ಜಗಳ ತಪ್ಪಿಸಲಿಕ್ಕೆ. ಜ್ಞಾತಿ ದಾಯಾದರದು ವಿಭಾಗವಾಗಿದೆಯೋ ಇಲ್ಲವೋ ಎಂಬ ಸಂದೇಹವನ್ನು ಕಳೆಯಲಿಕ್ಕೆ. ಅಂದರೆ ಎಲ್ಲಕ್ಕೂ ದೃಷ್ಟವಾದ ಪ್ರಯೋಜನವನ್ನೇ ಹೇಳಿ, ಊರಿನ ಕೈಯಲ್ಲಿದ್ದ ಬೀಗವನ್ನು ದೀಪವನ್ನಾಗಿ ಮಾಡಿದನು. ಸುಮಾರು ಒಂಬೈನೂರು ವರ್ಷಗಳ ಹಿಂದೆ ಇದೇ ಸೀಮೆಯ ಪಂಡಿತನೊಬ್ಬನು ಬಿಡಿಸಿಟ್ಟ ಗಂಟನ್ನು ಓಣಿಯ ಹಿರಿಯರು ಮತ್ತೆ ಹಾಕುತ್ತಿದ್ದಾರೆ.

ಅವನಿಗಿಂತ ಬಹು ಹಿಂದಿನ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ (ಇದರ ತಾಳೆಯೋಲೆಯು ಮೈಸೂರಿನ ಗ್ರಂಥಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ 1909ರಲ್ಲಿ ಅಚ್ಚಾಯಿತು) ಗೃಹವಿಕ್ರಯದ ಕ್ರಮವೇ ಇದೆ. ಜ್ಞಾತಿಗಳು, ನೆರೆಯವರು, ಸಾಲ ಕೊಟ್ಟವರು ಅನುಕ್ರಮವಾಗಿ ಮೊದಲು ಕೊಳ್ಳಬಹುದು, ಆಮೇಲೆ ಹೊರಗಿನವರು. ಮನೆಯ ಮುಂದೆ, ನೆರೆಯ ನಲವತ್ತು ಕುಲಗಳವರ ಎದುರಿಗೆ, ಎಲ್ಲೆಗಳನ್ನು ಸಾರಿ ಹೇಳಿ, ಇಷ್ಟು ಬೆಲೆಗೆ ಕೊಳ್ಳುವವರು ಯಾರೆಂದು ಮೂರು ಸಲ ಕೂಗಬೇಕು. ಪೈಪೋಟಿಯಿಂದ ಬೆಲೆ ಏರಿದರೆ ಏರಿದ ಭಾಗವು ಸುಂಕದೊಡನೆ ರಾಜನ ಬೊಕ್ಕಸಕ್ಕೆ! ಈ ಕೊನೆಯ ಮಾತನ್ನು ಇಂದಿನ ದಲಾಲರು ಕೇಳಿದರೆ ಮೂರ್ಛೆ ಹೋದಾರು. ಇದರಲ್ಲಿ ಬೊಕ್ಕಸದ ಆಸೆಯೂ ಇದ್ದೀತು. ಆದರೆ ಮಾರುವವನು ತಾನೇ ನ್ಯಾಯವೆಂದು ಸಾರಿದ ಬೆಲೆಯು ಅವನಿಗೆ ಸಿಕ್ಕ ಮೇಲೆ ಪರರ ಹುರುಡಿನ ಲಾಭಕ್ಕೆ ಅವನು ಬಾಧ್ಯನಲ್ಲವೆಂಬ ವಿಚಾರವೂ ಇದೆಯೆಂದು ನನಗೆ ತೋರುತ್ತದೆ. ನೆರೆಯವರಿಗೆ ಮೊದಲ ಸರದಿಯುಂಟು; ಹೊರಗಿನವನು ಕೊಳ್ಳಬಾರದೆನ್ನುವ ಹಕ್ಕು ಇಲ್ಲ. ಓಣಿಯವರಿಗೆ ಅಷ್ಟು ಬೇಡವಾದವನಿದ್ದರೆ ಅವರೇ ಹಣ ಹಾಕಿ ಕೊಳ್ಳಲಿ. ಇನ್ನು ಅಸ್ಪೃಶ್ಯತೆಯ ನೆಪದಿಂದ ಒಬ್ಬನು ಯಾವ ಓಣಿಯಲ್ಲಾದರೂ ವಾಸದ ಮನೆಯನ್ನು ಪಡೆಯದಂತೆ ತಡೆಯುವದು 1955ರ ನಾಗರಿಕ ಹಕ್ಕುಗಳ ಸಂರಕ್ಷಣೆಯ ಕಾಯದೆಯಂತೆ ಅಪರಾಧವೇ ಆಗಿದೆ. ಇಲ್ಲಿ ಜಿಜ್ಞಾಸೆಗೆ ಸ್ಥಳವಿಲ್ಲ.

"ಆ ಮನೆ ಯಾರಿಗೂ ಆಗಿಬರಲಿಲ್ಲ" ಎಂಬ ಜನವಾರ್ತೆಯನ್ನು ಹೇಳಬೇಕೋ ಬೇಡವೋ ಎಂದು ಕೆಲವರು ಕೇಳುವರು. ಅದು ಗೋಡೆಯ ದೋಷವಲ್ಲ, ಬಾಯಿಯ ದೋಷ, ತಾನಾಗಿ ಹೇಳಬೇಕಾಗಿಲ್ಲ. ಆದರೆ ಕೊಳ್ಳುವವನು ಎದುರಿಗೆ ಕೂತು ಕೇಳಿದರೆ, ಇಂಥ ವರ್ಷ ಇಂಥವರು ತೀರಿಕೊಂಡರೆಂಬ ಸಂಗತಿಯನ್ನು ನುಂಗಬಾರದು.

ಧರ್ಮವು ಮಾರುವವನ ತಲೆಗೇ ಎಲ್ಲ ಭಾರವನ್ನು ಕಟ್ಟಿಲ್ಲವೆಂಬದನ್ನು ಸಹ ಹೇಳಬೇಕು. ಮೇಲೆ ಹೇಳಿದ 55ನೆಯ ಕಲಮಿನಲ್ಲಿಯೇ, ಮಾರುವವನಿಗೆ ತಿಳಿಯದೆ ತನಗೆ ಮಾತ್ರ ತಿಳಿದಿರುವ, ಸ್ವತ್ತಿನಲ್ಲಿ ಅವನಿಗಿರುವ ಹಕ್ಕಿನ ಸ್ವರೂಪವನ್ನೋ ವ್ಯಾಪ್ತಿಯನ್ನೋ ಕುರಿತ, ಬೆಲೆಯನ್ನು ಬಹಳವಾಗಿ ಹೆಚ್ಚಿಸುವ ಸಂಗತಿಯನ್ನು ಕೊಳ್ಳುವವನು ಹೇಳಬೇಕೆಂದಿದೆ. ಹಿತ್ತಲಿನ ಹಾಳುಗೋಡೆಯ ಆಚೆಯ ತುಂಡು ಜಾಗವೂ ಈ ಮನೆಗೇ ಸೇರಿದ್ದೆಂದು ಹಳೆಯ ಉರ್ದು ಕಾಗದದಲ್ಲಿ ಓದಿ ತಿಳಿದ ಜಾಣ ಗಿರಾಕಿಯು, ಉರ್ದು ಬಾರದ ಮುದುಕಿಯ ಮುಂದೆ ಆ ಕಾಗದವನ್ನು ಮಡಚಿಟ್ಟು, ಮನೆ ಬಹಳ ಹಳೆಯದಾಯಿತಲ್ಲ ತಾಯಿ ಎಂದು ಚೌಕಾಸಿಗೆ ಕುಳಿತರೆ, ಅವನೂ ಹಗೇವಿನ ಮೇಲೆ ತುಳಸೀಕಟ್ಟೆಯನ್ನು ಇಡಿಸಿದವರ ಸಾಲಿನವನೇ.