ತಿರುಗಿ ಬಂದವರು ಹೇಳಿದ ಸಂಗತಿ

ಆಧಾರ ವಾಕ್ಯ: ಅಪೊಸ್ತಲರ ಕೃತ್ಯಗಳು 14ನೆಯ ಅಧ್ಯಾಯ, 21ರಿಂದ 28ನೆಯ ವಚನಗಳು.



ಪೌಲನೂ ಬಾರ್ನಬನೂ ತಮ್ಮ ಮೊದಲನೆಯ ದೂರ ಪ್ರಯಾಣವನ್ನು ಮುಗಿಸಿ, ಅತಾಲ್ಯದಲ್ಲಿ ಹಡಗನ್ನು ಹತ್ತಿ, ಅಂತಿಯೋಕ್ಯಕ್ಕೆ ತಿರುಗಿ ಬಂದ ಸಂಗತಿಯನ್ನು ಲೂಕನು ಇಲ್ಲಿ ಬರೆದಿದ್ದಾನೆ. ಉಪವಾಸವಿದ್ದು ಪ್ರಾರ್ಥಿಸಿ, ಇವರ ಮೇಲೆ ಕೈಯಿಟ್ಟು ಕಳುಹಿಸಿದ ಸಭೆಯು ಆ ಊರಿನದೇ. ಬಂದೊಡನೆ ಇವರು ಸಭೆಯವರೆಲ್ಲರನ್ನೂ ಒಟ್ಟುಗೂಡಿಸಿ, ದೇವರು ತಮ್ಮ ಸಂಗಡ ಇದ್ದು ನಡಿಸಿದ್ದನ್ನೂ ಅನ್ಯಜನರು ಒಳಗೆ ಬರುವಂತೆ ಆತನೇ ಬಾಗಿಲನ್ನು ತೆರೆದದ್ದನ್ನೂ ವಿವರಿಸಿದರು. ನಮ್ಮ ಹಳ್ಳಿಗಳಲ್ಲಿ ದೂರದ ಊರಿಗೆ ಕೂಲಿಗೆ ಹೋದವನು ತಿರುಗಿ ಬಂದರೆ ಕಟ್ಟೆಯ ಮೇಲೆ ಕುಳಿತವರು ಮೊದಲು ಕೇಳುವ ಮಾತು, "ಎಷ್ಟು ತಂದೆಯಪ್ಪಾ?" ಎಂಬುದೇ. ಅಂತಿಯೋಕ್ಯದವರು ಹಾಗೆ ಕೇಳಿದರೋ ಇಲ್ಲವೋ, ಲೂಕನು ಹೇಳುವುದಿಲ್ಲ.

ಪ್ರಯಾಣದ ಲೆಕ್ಕವೆಂದರೆ ಮೊಳಕಾಲ್ಮೂರು ತಾಲ್ಲೂಕಿನವರಾದ ನಿಮಗೆ ಬ್ರಹ್ಮಗಿರಿಯ ಬಂಡೆಯು ನೆನಪಿಗೆ ಬರಬೇಕು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಸ್ಥಳಗಳಲ್ಲಿ ಅಶೋಕ ಚಕ್ರವರ್ತಿಯು ಬರೆಯಿಸಿದ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸ್ ಎಂಬವರು ಕಂಡುಹಿಡಿದರು. (ಈ ರೈಸ್ ಬೆಂಗಳೂರಿನಲ್ಲಿ ಲಂಡನ್ ಮಿಷನ್ನಿನ ಪಾದ್ರಿಯಾಗಿದ್ದವರ ಮಗನೆಂಬುದನ್ನು ನಮ್ಮವರಲ್ಲಿ ಅನೇಕರು ಅರಿಯರು.) ಅಶೋಕನು ನಮ್ಮ ಕರ್ತನು ಹುಟ್ಟುವುದಕ್ಕೆ ಇನ್ನೂರು ವರುಷಗಳಿಗಿಂತ ಹೆಚ್ಚು ಹಿಂದೆ ಇದ್ದವನು. ತಂದೆತಾಯಿಗಳ ಮಾತನ್ನು ಕೇಳಿರಿ, ಪ್ರಾಣಿಗಳಲ್ಲಿ ದಯೆಯಿಡಿರಿ, ಸತ್ಯವನ್ನಾಡಿರಿ ಎಂದು ಅವನು ಕಲ್ಲಿನಲ್ಲಿ ಕೊರೆಯಿಸಿದ್ದನ್ನು ನಾವು ತಿರಸ್ಕರಿಸುವ ಕಾರಣವಿಲ್ಲ. ಆ ಶಾಸನದಲ್ಲಿ 256 ಎಂಬ ಸಂಖ್ಯೆಯುಂಟು. ಅರಸನು ಪ್ರಯಾಣದಲ್ಲಿ ಕಳೆದ ರಾತ್ರಿಗಳ ಎಣಿಕೆ ಅದೇ ಎಂದು ವಿದ್ವಾಂಸರು ಅರ್ಥ ಮಾಡಿದ್ದಾರೆ. ಮನೆಯನ್ನು ಬಿಟ್ಟು ಮಲಗಿದ ರಾತ್ರಿಗಳನ್ನು ಚಕ್ರವರ್ತಿಯೂ ಎಣಿಸಿದನು! ಪೌಲನ ಪ್ರಯಾಣವು ಒಂದೆರಡು ವರುಷ ಹಿಡಿದಿರಬೇಕು. ಆದರೆ ಲೂಕನು ಒಂದು ರಾತ್ರಿಯ ಲೆಕ್ಕವನ್ನಾದರೂ ಕೊಡಲಿಲ್ಲ.

ಅವನು ಲಕ್ಷ್ಯವಿಟ್ಟು ಬರೆದದ್ದು ಬೇರೊಂದು. ಪೌಲ ಬಾರ್ನಬರು ಹೋದ ಕಡೆಯ ಊರು ದೆರ್ಬೆ. ಅಲ್ಲಿಂದ ಮೂಡಲಿಗೆ ನಡೆದರೆ ಪೌಲನ ಹುಟ್ಟೂರಾದ ತಾರ್ಸ. ತಾರ್ಸದಿಂದ ಅಂತಿಯೋಕ್ಯಕ್ಕೆ ದಾರಿಯಿತ್ತು. ಮೈಯಲ್ಲಿ ಗಾಯಗಳಿದ್ದ ಮನುಷ್ಯನು ಆ ದಾರಿಯನ್ನು ಹಿಡಿದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರಾದರೋ ಬಂದ ದಾರಿಯಲ್ಲೇ ಹಿಂದಿರುಗಿದರು. ಎಲ್ಲಿಗೆ? ಪೌಲನನ್ನು ಕಲ್ಲೆಸೆದು, ಸತ್ತನೆಂದು ಊರ ಹೊರಗೆ ಎಳೆದು ಹಾಕಿದ್ದ ಲುಸ್ತ್ರಕ್ಕೆ. ಆ ಕಲ್ಲಿನವರು ಹೊರಟು ಬಂದಿದ್ದ ಇಕೋನ್ಯಕ್ಕೂ ಪಿಸಿದ್ಯದ ಅಂತಿಯೋಕ್ಯಕ್ಕೂ. ಆ ಊರುಗಳಲ್ಲಿ ಏನಿತ್ತು? ಮೊನ್ನೆ ಮೊನ್ನೆ ನಂಬಿದ ಕೆಲವು ಮನೆಗಳು. ಅವರಿಗೆ ಧೈರ್ಯ ಹೇಳಿ, ಅವರಲ್ಲೇ ಹಿರಿಯರನ್ನು ನೇಮಿಸಿ, ಕರ್ತನ ಕೈಗೆ ಒಪ್ಪಿಸಿ ಹೊರಟರು. ಅಂತಿಯೋಕ್ಯದ ಸಭೆಯ ಮುಂದೆ ಬಾಯಿ ತೆರೆಯುವದಕ್ಕೆ ಮುಂಚೆ ಅವರು ಮುಗಿಸಿದ ಕೆಲಸವು ಇದೇ.

ನಮ್ಮ ಮುದುಕರಲ್ಲಿ ಕೆಲವರು, "ಪಾದ್ರಿ ದೊರೆಗಳಿದ್ದ ಕಾಲದಲ್ಲಿ ಸಭೆ ಹೀಗಿರಲಿಲ್ಲ" ಎಂದು ಇಂದಿಗೂ ನಿಟ್ಟುಸಿರು ಬಿಡುತ್ತಾರೆ. ಅವರ ದುಃಖವನ್ನು ನಾನು ಹಾಸ್ಯಮಾಡುವುದಿಲ್ಲ. ಆದರೂ ಪರದೇಶದಿಂದ ಬಂದವರು ಪ್ರಯಾಣಸ್ಥರೇ; ಪ್ರಯಾಣಕ್ಕೆ ಕೊನೆ ಇದ್ದೇ ಇರುತ್ತದೆ. ಜಾನ್ ಹ್ಯಾಂಡ್ಸ್ ಪಾದ್ರಿಗಳು 1810ರಲ್ಲಿ ನಮ್ಮ ನೆರೆಯ ಬಳ್ಳಾರಿಗೆ ಬಂದರು. 1831ರ ಹೊತ್ತಿಗೆ ಇಡೀ ಸತ್ಯವೇದವು ಕನ್ನಡದಲ್ಲಿ ಅಚ್ಚಾಯಿತು. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್ ಪಾದ್ರಿಗಳು 1853ರಲ್ಲಿ ಇಪ್ಪತ್ತೊಂದರ ಯುವಕರಾಗಿ ಈ ದೇಶಕ್ಕೆ ಬಂದು, ನಡುವೆ ಸ್ವದೇಶಕ್ಕೆ ಹೋಗಿ ಮತ್ತೆ ಬಂದು, 1892ರಲ್ಲಿ ಅರುವತ್ತರ ಮುದುಕರಾಗಿ ಶಾಶ್ವತವಾಗಿ ಜರ್ಮನಿಗೆ ತೆರಳಿದರು. ನಮ್ಮ ಬಂಡೆಯ ಬರಹವು ಬೆಳಕಿಗೆ ಬಂದ ವರುಷವೂ ಅದೇ. ಅವರ ನಿಘಂಟು 1894ರಲ್ಲಿ ಮಂಗಳೂರಿನ ಮಿಷನ್ ಛಾಪಖಾನೆಯಿಂದ ಹೊರಬಂದಿತು. ಸುಮಾರು 70,000 ಪದಗಳು. ಹಳೆಯ ಕವಿಗಳ ಮಾತಿನ ಜೊತೆಯಲ್ಲಿ ಹಳ್ಳಿಯವರ ಗಾದೆಗಳೂ ಅಲ್ಲಿವೆ. 1903ರಲ್ಲಿ ಅವರು ಟ್ಯೂಬಿಂಗೆನ್ನಿನಲ್ಲಿ ತೀರಿಹೋದರು. ಇಂದು ಅವರನ್ನು ನೆನಸುವವರು ಪದಗಳ ಎಣಿಕೆಯನ್ನು ಹೇಳುವರೇ ಹೊರತು, ದೀಕ್ಷಾಸ್ನಾನಗಳ ಎಣಿಕೆಯನ್ನು ಹೇಳುವುದಿಲ್ಲ. ಆದದರಿಂದ ಅವರ ಪ್ರಯಾಣವು ಬರಿದಾಯಿತೆನ್ನೋಣವೇ? ತಾನು ಬಿಟ್ಟುಹೋಗುವ ಜನರ ಮಾತನ್ನು ಅಷ್ಟು ಶ್ರದ್ಧೆಯಿಂದ ಕೇಳಿಸಿಕೊಂಡವನನ್ನು ಬರಿಗೈಯವನೆಂದು ಕರೆಯಲು ನನಗೆ ನಾಲಿಗೆ ಏಳದು.

ಈಗ ನನ್ನ ಸಂಗತಿ. ಕಳೆದ ವರುಷ ಶೇಂಗಾ ಸುಗ್ಗಿ ಮುಗಿದ ಮೇಲೆ ಚಳ್ಳಕೆರೆಯಿಂದ ಹೊರಟು ಮೊಳಕಾಲ್ಮೂರಿನ ತನಕ 40 ದಿವಸ ಹಳ್ಳಿಗಳನ್ನು ಸುತ್ತಿದೆನು. ಪರದೇಶವಲ್ಲ, ಬಸ್ಸು ಇದ್ದಲ್ಲಿ ಬಸ್ಸು, ಇಲ್ಲದಲ್ಲಿ ನಡಿಗೆ. ತಿರುಗಿ ಬಂದು ಸಭೆಯ ಮುಂದೆ ವರದಿಯನ್ನು ಓದಿದೆನು: ಇಷ್ಟು ಊರು, ಇಷ್ಟು ಕೂಟ, ಇಷ್ಟು ಪುಸ್ತಕ. ಎಲ್ಲರೂ ಸಂತೋಷಪಟ್ಟರು. ಒಂದು ಮನೆಯನ್ನು ಮಾತ್ರ ಬಿಟ್ಟು ಬರೆದಿದ್ದೆನು.

ಅದು ರೇಷ್ಮೆ ಸೀರೆ ನೇಯುವವನ ಮನೆ. ಅವನಿಗೆ ಕೆಮ್ಮು ಹತ್ತಿತ್ತು. ಮಾರ್ಕನ ಸುವಾರ್ತೆಯನ್ನು ಕೊಂಡುಕೊಂಡು, "ಓದ್ತೀನಿ ಅಯ್ಯನೋರೇ, ಆದ್ರೆ ತಿಳೀದಿದ್ದು ಕೇಳ್ಬೇಕಲ್ಲ. ವಾಪಸ್ ಹೋಗೋವಾಗ ಈ ದಾರೀಲೇ ಬನ್ನಿ" ಎಂದನು. ಬರುತ್ತೇನೆಂದು ಮಾತು ಕೊಟ್ಟೆನು. ನಲವತ್ತನೆಯ ದಿವಸ ಕಾಲು ಬಾತುಕೊಂಡಿತ್ತು; ಚಳ್ಳಕೆರೆಗೆ ನೇರವಾದ ಬಸ್ಸು ಎದುರಿಗೆ ನಿಂತಿತ್ತು; ಹತ್ತಿ ಕುಳಿತೆನು. ದೆರ್ಬೆಯಿಂದ ತಿರುಗಿ ನಡೆದವರ ವಿಷಯವಾಗಿ ಸೆಮಿನರಿಯಲ್ಲಿ ಪರೀಕ್ಷೆ ಬರೆದವನು ನಾನು.

ನಾಲ್ಕು ತಿಂಗಳಾದ ಮೇಲೆ ಹೋದೆನು. ಮಗ್ಗದ ಮೇಲೆ ಬಟ್ಟೆ ಮುಚ್ಚಿತ್ತು. ಅವನ ಹೆಂಡತಿಯು ಕುಡಿಯಲು ನೀರು ಕೊಟ್ಟು, "ಪ್ರತಿ ಸಂತೆ ದಿವ್ಸ ಕೇಳೋರು, ಆ ಪುಸ್ತಕದ ಅಯ್ಯನೋರು ಬಂದ್ರಾ ಅಂತ" ಎಂದಳು. ಅಷ್ಟೇ, ನನ್ನನ್ನು ಬಯ್ಯಲಿಲ್ಲ. ಗೋಡೆಯ ಗೂಡಿನಿಂದ ಸುವಾರ್ತೆಯನ್ನು ತೆಗೆದು ತಂದಳು. ಐದನೆಯ ಅಧ್ಯಾಯದ ನಡುವೆ ಒಂದು ರೇಷ್ಮೆ ನೂಲನ್ನು ಗುರುತಿಗೆ ಇಟ್ಟಿದ್ದನು. "ಇಲ್ಲೀ ತನಕ ಓದಿದ್ರು. ನನಗೆ ಓದಕ್ಕೆ ಬರಲ್ಲ, ಮುಂದಿಂದು ನೀವೇ ಓದಿ" ಎಂದಳು. ಯಾಯಿರನ ಮನೆಯ ಸಂಗತಿಯು ಆ ಪುಟದಲ್ಲಿತ್ತು. ಓದುವುದು ನನಗೆ ಸುಲಭವಾಗಲಿಲ್ಲ. ಅಧ್ಯಾಯವನ್ನು ಮುಗಿಸಿ ನೂಲನ್ನು ಆರನೆಯದಕ್ಕೆ ಇಟ್ಟೆನು.

ಕಳೆದ ತಿಂಗಳು ಸಭೆ ಕೂಡಿದಾಗ ಎದ್ದು ನಿಂತು ಇದನ್ನು ಹೇಳಿದೆನು; ವರದಿಯ ಪುಸ್ತಕದಲ್ಲಿ ಬಿಟ್ಟಿದ್ದ ಸಾಲನ್ನೂ ಬರೆದೆನು. ಆ ತಾಯಿಯು ಬರುವ ತಿಂಗಳ ಮೊದಲನೆಯ ಸಂತೆಯ ಮಾರನೆಯ ದಿವಸ ಬರಹೇಳಿದ್ದಾಳೆ. ನಿಮ್ಮಲ್ಲಿ ಯಾರಿಗಾದರೂ ನನ್ನ ಸಂಗಡ ಬರುವ ಮನಸ್ಸಿದ್ದರೆ ಆ ದಿವಸ ಚಳ್ಳಕೆರೆಯಲ್ಲಿ ಬೆಳಗಿನ ಬಸ್ಸಿಗೆ ನಿಂತಿರಿ.