ತೋಟ ಯಾರದು, ಆರೈಕೆ ಯಾರದು?

ದಂಡಿನಶಿವರದ ಕಡೆ ತೆಂಗಿನ ತೋಟವೇ ಮುಪ್ಪಿನ ಆಸರೆ. ಮಕ್ಕಳ ಪಾಲು ಕರಗೀತೆಂದು, ಹಾಸಿಗೆ ಹಿಡಿದ ತಂದೆ ತನ್ನ ಔಷಧಿಗೂ ಕೊಬ್ಬರಿ ಮಾರಿದ ಹಣ ಮುಟ್ಟದಿರುವುದು ಧರ್ಮವೇ? ಖಂಡಿತ ಅಲ್ಲ. ವಾರಸು ಹಕ್ಕು ಹುಟ್ಟುವುದು ಮರಣದ ನಂತರ. ಹಂಚಿಕೆಯೂ ಸಾಲ, ವಸಿಯ್ಯತ್ ತೀರಿದ ಮೇಲೆ. ಬದುಕಿರುವ ತನಕ ತೋಟ ನಿಮ್ಮದೇ.

ಜೀವಿತಕಾಲದಲ್ಲೇ ದಾನಪತ್ರ ಮಾಡುವುದಾದರೆ ಮಕ್ಕಳ ನಡುವೆ ನ್ಯಾಯವಿರಲಿ. ಆರೈಕೆಯ ಷರತ್ತನ್ನೂ ಅದರಲ್ಲಿ ಬರೆಸಿ. ಮಕ್ಕಳು ಅದನ್ನು ಮುರಿದರೆ, 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಂತೆ ನ್ಯಾಯಮಂಡಳಿ ಪತ್ರವನ್ನು ಅಸಿಂಧುಗೊಳಿಸಬಲ್ಲದು.

ಇನ್ನೊಂದು ಮಾತು. ಹಗಲಿರುಳು ನಿಮ್ಮ ಸೇವೆ ಮಾಡಿದ ಸೊಸೆಗೆ ವಾರಸಿನಲ್ಲಿ ಪಾಲಿಲ್ಲ. ಆದರೆ ಆಸ್ತಿಯ ಮೂರನೇ ಒಂದು ಭಾಗ ಮೀರದಂತೆ ಆಕೆಗೆ ವಸಿಯ್ಯತ್ ಮಾಡಬಹುದು. ಆಕೆಯನ್ನು ಬಾಯಲ್ಲಿ ಹೊಗಳಿ ಕಾಗದದಲ್ಲಿ ಮರೆತವನು ಅಲ್ಲಾಹನ ಮುಂದೆ ಏನು ಉತ್ತರಿಸಿಯಾನು?