ಆಷಾಢಭೂತಿ ಯಾರು?

ಚುನಾವಣೆ ಬಂತೆಂದರೆ ಸಾಕು, ‘ಆಷಾಢಭೂತಿ’ ಎಂಬ ಬೈಗುಳ ಎಲ್ಲ ಪಕ್ಷಗಳವರ ಬಾಯಲ್ಲೂ ಓಡಾಡುತ್ತದೆ. ಅದು ಪಂಚತಂತ್ರದ ಒಬ್ಬ ಕಳ್ಳನ ಹೆಸರು. ದೇವಶರ್ಮನೆಂಬ ಸನ್ಯಾಸಿ ಯಾರನ್ನೂ ನಂಬದೆ ಹಣದ ಗಂಟನ್ನು ಹಗಲಿರುಳೂ ಕಂಕುಳಲ್ಲೇ ಇಟ್ಟುಕೊಂಡಿರುತ್ತಾನೆ. ಅದರ ಮೇಲೆ ಕಣ್ಣಿಟ್ಟ ಆಷಾಢಭೂತಿ, ಸಂಸಾರ ಸಾಕಾಯಿತೆಂದು ಕಾಲಿಗೆ ಬಿದ್ದು ಶಿಷ್ಯನಾಗುತ್ತಾನೆ. ಸೇವೆ ಮಾಡಿ ನಂಬಿಕೆ ಗಳಿಸಿ, ಗುರು ಗಂಟನ್ನು ಬಿಟ್ಟು ಆಚೆ ಹೋದಾಗ ಅದರೊಡನೆ ಪರಾರಿಯಾಗುತ್ತಾನೆ.

ಕಥೆ ಕೇಳಿದವರೆಲ್ಲ ಶಿಷ್ಯನನ್ನು ಶಪಿಸುತ್ತಾರೆ. ಸನ್ಯಾಸಿಗೇಕಪ್ಪಾ ಗಂಟು ಎಂದು ಕೇಳುವವರು ಕಡಿಮೆ. ನನಗಂತೂ ಗುರುವೇ ಹೆಚ್ಚು ಕುತೂಹಲದ ಮನುಷ್ಯ. ಕೈಕಾಲುಗಳನ್ನು ಬಿಗಿಹಿಡಿದು, ಮನಸ್ಸಿನಲ್ಲಿ ಮಾತ್ರ ವಿಷಯಸುಖವನ್ನೇ ಮೆಲುಕು ಹಾಕುವವನನ್ನು ಭಗವದ್ಗೀತೆಯ 3ನೇ ಅಧ್ಯಾಯ ‘ಮಿಥ್ಯಾಚಾರಿ’ ಎನ್ನುತ್ತದೆ. ಅವನನ್ನು ಮೂಢನೆಂದೂ ಕರೆಯುತ್ತದೆ, ಏಕೆಂದರೆ ಅವನು ಮೊದಲು ಮೋಸಹೋಗುವುದು ತನ್ನಿಂದಲೇ. ದೇವಶರ್ಮ ಈ ಜಾತಿಯವನು. ಆಷಾಢಭೂತಿಗೆ ಅಂಥ ಭ್ರಮೆ ಇಲ್ಲ; ತಾನು ಭಕ್ತನಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತು.

ಇವರಿಬ್ಬರ ಸಾಲಿಗೆ ನಾವು ಸುಮ್ಮನೆ ಎಳೆದು ತರುವವನು ಇನ್ನೊಬ್ಬನಿದ್ದಾನೆ: ಸಿಗರೇಟು ಬಿಡಲಾಗದೆ ಒದ್ದಾಡುತ್ತಲೇ ಮಗನಿಗೆ ಸೇದಬೇಡ ಎನ್ನುವ ಅಪ್ಪ. ತನ್ನ ಚಟವನ್ನು ಮುಚ್ಚಿಡದಿದ್ದರೆ ಅವನು ದುರ್ಬಲ, ಅಷ್ಟೆ. ನುಡಿದಂತೆ ನಡೆಯಲಾಗದಿರುವುದು ಬೇರೆ, ನಡೆಯುವ ಉದ್ದೇಶವೇ ಇಲ್ಲದೆ ನುಡಿಯುವುದು ಬೇರೆ. ‘ನೀವೇ ಸೇದ್ತೀರಲ್ಲಾ’ ಎಂದು ಮಗ ಬಾಯಿ ಮುಚ್ಚಿಸಬಹುದು. ಅದರಿಂದ ಅಪ್ಪನ ಮಾತು ಸುಳ್ಳಾಗುವುದಿಲ್ಲ. ಚರ್ಚೆಯಲ್ಲಿ ಈ ಬೈಗುಳ ಅಷ್ಟು ಅಗ್ಗವಾಗಿ ಸಿಗುವುದು ಇದಕ್ಕೇ: ಮಾತನ್ನು ಎದುರಿಸುವ ಶ್ರಮ ಉಳಿಯುತ್ತದೆ, ಆಡಿದವನನ್ನು ಹಳಿದರಾಯಿತು.

ನಿಜವಾದ ಆಷಾಢಭೂತಿಗೆ ನಂಬುವವರು ಬೇಕೇ ಬೇಕು. ಫ್ರೆಂಚ್ ನಾಟಕಕಾರ ಮೋಲಿಯೇರ್ ಇದನ್ನು ಚೆನ್ನಾಗಿ ಬಲ್ಲ. 1664ರಲ್ಲಿ ಅವನ ‘ತಾರ್ತೂಫ್’ ಆಡಿದ್ದೇ ತಡ, ಧರ್ಮನಿಷ್ಠರು ಸಿಡಿದೆದ್ದು ಸಾರ್ವಜನಿಕ ಪ್ರದರ್ಶನಕ್ಕೆ ನಿಷೇಧ ಬಂತು. ಅದು ತೆರವಾದದ್ದು 1669ರಲ್ಲಿ. ಎ.ಎನ್. ಮೂರ್ತಿರಾಯರು ಇದನ್ನು ಕನ್ನಡಕ್ಕೆ ತಂದಾಗ ಇಟ್ಟ ಹೆಸರೇ ‘ಆಷಾಢಭೂತಿ’. ಮೂಲ ನಾಟಕದಲ್ಲಿ ಕಪಟಿ ರಂಗಕ್ಕೆ ಬರುವುದು ಮೂರನೆಯ ಅಂಕದಲ್ಲಿ. ಮೊದಲೆರಡು ಅಂಕಗಳ ತುಂಬ ಕಾಣುವುದು ಅವನನ್ನು ಮನೆಗೆ ತಂದಿಟ್ಟುಕೊಂಡ ಯಜಮಾನ ಓರ್ಗೋನನ ಮರುಳು. ಕೊನೆಗೆ ಓರ್ಗೋನ್ ಮೇಜಿನಡಿ ಅಡಗಿ, ಕಪಟಿ ತನ್ನ ಹೆಂಡತಿಗೇ ಬಲೆ ಬೀಸುವುದನ್ನು ಕಿವಿಯಾರೆ ಕೇಳುತ್ತಾನೆ. ಅದನ್ನು ತಾಯಿಗೆ ಹೇಳಿದರೆ ಆಕೆ ನಂಬುವುದೇ ಇಲ್ಲ: ಅಂಥ ಪುಣ್ಯಾತ್ಮನ ಮೇಲೆ ಅಸೂಯೆಯವರು ಕಟ್ಟಿದ ಕಥೆ ಇದು ಎಂದು ಮಗನಿಗೇ ಬುದ್ಧಿ ಹೇಳುತ್ತಾಳೆ.